ವೈಟ್ ರಿಮ್: 100 ಮೈಲಿ, 20 ಪಿಎಸ್‌ಐ

ಅಮೆರಿಕದ ಯೂಟಾ ರಾಜ್ಯದ ಕ್ಯಾನ್ಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದಲ್ಲಿ ವೈಟ್ ರಿಮ್ ಎಂಬ ಮಣ್ಣಿನ ದಾರಿ ಇದೆ. ಸುಮಾರು 100 ಮೈಲಿಯ ಸುತ್ತು. ಮೇಲೆ ಐಲ್ಯಾಂಡ್ ಇನ್ ದ ಸ್ಕೈ ಎಂಬ ಎತ್ತರದ ಬಯಲು. ಕೆಳಗೆ, ತುಂಬಾ ಆಳದಲ್ಲಿ, ಒಂದು ಕಡೆ ಕೊಲೊರಾಡೊ ನದಿ, ಇನ್ನೊಂದು ಕಡೆ ಗ್ರೀನ್ ನದಿ. ಮೇಲಿನ ಬಯಲಿಗೂ ಕೆಳಗಿನ ನದಿಗಳಿಗೂ ನಡುವಿನ ಕಲ್ಲಿನ ಕಟ್ಟೆಯ ಮೇಲೆ ಈ ದಾರಿ ಹೋಗುತ್ತದೆ. ಪೆಟ್ರೋಲ್ ಇಲ್ಲ, ಕುಡಿಯುವ ನೀರಿಲ್ಲ, ಫೋನ್ ಸಿಗ್ನಲ್ ಇಲ್ಲ. ಗಾಡಿ ಕೈಕೊಟ್ಟರೆ ಎಳೆದು ತರಲು ಸಾವಿರ ಡಾಲರಿಗೂ ಜಾಸ್ತಿ ಬಿಲ್ ಆಗುತ್ತದೆ.

ರಾತ್ರಿ ತಂಗಲು ಕೆಲವೇ ಜಾಗಗಳಿವೆ, ಮೊದಲೇ ಪರ್ಮಿಟ್ ತೆಗೆದುಕೊಳ್ಳಬೇಕು. ಅಕ್ಟೋಬರ್ ತಿಂಗಳ ವಾರಾಂತ್ಯಗಳು ಬಹಳ ಬೇಗ ಭರ್ತಿಯಾಗುತ್ತವೆ. ಹೋಗುವ ಮನಸ್ಸಿದ್ದವರು ಬುಕಿಂಗ್ ತೆರೆದ ಕೂಡಲೇ ಕೂತು ಮಾಡಿಬಿಡಿ. ಸಾಕುನಾಯಿಯನ್ನು ಗಾಡಿಯ ಒಳಗೆ ಕೂರಿಸಿಕೊಂಡು ಹೋಗಲೂ ಬಿಡುವುದಿಲ್ಲ. ಇದನ್ನು ತಿಳಿಯದೆ ಹೋಗಿ ವಾಪಸ್ ಬಂದವರಿದ್ದಾರೆ.

ಹೊರಡುವ ಮುಂಚೆ

ನಾವು ಡೆನ್ವರ್‌ನಲ್ಲಿರುವ ಎರಡು ಕನ್ನಡ ಕುಟುಂಬದವರು. ನಾಲ್ಕು ಜನ, ಎರಡು ಗಾಡಿ. ನಮ್ಮದು ಟೊಯೊಟಾ ಫೋರ್‌ರನ್ನರ್, ಟಿಆರ್‌ಡಿ ಆಫ್‌ರೋಡ್ ಮಾದರಿ. ಗೆಳೆಯನದು ಜೀಪ್ ರ‍್ಯಾಂಗ್ಲರ್ ರುಬಿಕಾನ್. ಅವನ ಗಾಡಿ ಕಂಪನಿಯಿಂದಲೇ ಎತ್ತರಕ್ಕೆ, ದೊಡ್ಡ ಟೈರ್‌ಗಳ ಮೇಲೆ ಬಂದಿದೆ. ನಮ್ಮದನ್ನು ನಾವು ಎರಡೂವರೆ ಇಂಚು ಎತ್ತರಿಸಿದ್ದೇವೆ.

ಈ ಎತ್ತರದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಲಿಫ್ಟ್ ಹಾಕಿಸಿದರೆ ಗಾಡಿಯ ಕೆಳಗಿನದೆಲ್ಲಾ ಮೇಲಕ್ಕೆ ಹೋಗುತ್ತದೆ ಎಂದು ತುಂಬಾ ಜನ ಅಂದುಕೊಳ್ಳುತ್ತಾರೆ. ಫೋರ್‌ರನ್ನರ್‌ನ ಹಿಂದಿನ ಆಕ್ಸಲ್ ಒಂದೇ ಗಟ್ಟಿ ಕೊಳವೆ. ಅದರ ನಡುವೆ, ಎರಡೂ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ನ ಉಂಡೆ ಜೋತು ನಿಂತಿರುತ್ತದೆ. ಎತ್ತರದ ಸ್ಪ್ರಿಂಗ್ ಹಾಕಿದರೆ ಆಕ್ಸಲ್‌ನ ಮೇಲಿರುವ ಚಾಸಿಸ್ ಏರುತ್ತದೆ, ಆ ಉಂಡೆ ಇದ್ದಲ್ಲೇ ಇರುತ್ತದೆ. ಅದನ್ನು ನೆಲದಿಂದ ಮೇಲೆತ್ತುವುದು ಟೈರ್ ಮಾತ್ರ. ನಾವು 265/70 ಟೈರ್ ತೆಗೆದು 285/70 ಹಾಕಿದೆವು, ಎರಡೂ 17 ಇಂಚಿನ ರಿಮ್‌ಗೆ. ವ್ಯಾಸ 28 ಮಿಲಿಮೀಟರ್ ಹೆಚ್ಚಿತು. ಡಿಫರೆನ್ಷಿಯಲ್ ಏರಿದ್ದು ಅದರ ಅರ್ಧ, 14 ಮಿಲಿಮೀಟರ್. ಅಷ್ಟೇ!

ಹಾಗಾದರೆ ಎರಡೂವರೆ ಇಂಚಿನ ಲಿಫ್ಟ್ ಯಾತಕ್ಕೆ? ದೊಡ್ಡ ಟೈರ್ ಒಳಗೆ ತಿರುಗಲು ಜಾಗ ಸಿಗುತ್ತದೆ. ಮುಂದಿನ ಬಂಪರ್ ದಾರಿಯ ಕಲ್ಲು ಮೆಟ್ಟಿಲಿಗೆ ತಾಗುವುದಿಲ್ಲ. ದಿಣ್ಣೆ ದಾಟುವಾಗ ಹೊಟ್ಟೆ ಉಜ್ಜುವುದಿಲ್ಲ. ಇದೆಲ್ಲಾ ನಿಜವಾದ ಲಾಭವೇ. ಇದಕ್ಕೆ ತೆರುವ ಬೆಲೆಯೂ ಇದೆ. ಭಾರದ ಕೇಂದ್ರ ಮೇಲಕ್ಕೆ ಹೋಗುತ್ತದೆ, ಓರೆ ದಾರಿಯಲ್ಲಿ ಗಾಡಿ ಹೆಚ್ಚು ವಾಲುತ್ತದೆ. ಮುಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಸಿವಿ ಆಕ್ಸಲ್‌ಗಳು ಇಳಿಜಾರಾಗಿ ನಿಲ್ಲುತ್ತವೆ, ಬೇಗ ಸವೆಯುತ್ತವೆ. ಮುಂದಿನ ಚಕ್ರಗಳನ್ನು ನೇರಕ್ಕೆ ಹಿಡಿದಿಡುವ ಕ್ಯಾಸ್ಟರ್ ಕೋನ ಕಡಿಮೆಯಾಗಿ ಹೈವೇಯಲ್ಲಿ ಸ್ಟೀರಿಂಗ್ ಅಲೆದಾಡುತ್ತದೆ. ಅದನ್ನು ಸರಿಪಡಿಸಲು ಚಕ್ರವನ್ನು ಚಾಸಿಸ್‌ಗೆ ಜೋಡಿಸುವ ಮೇಲಿನ ಕಂಟ್ರೋಲ್ ಆರ್ಮ್ ಬದಲಾಯಿಸಿ ಅಲೈನ್‌ಮೆಂಟ್ ಮಾಡಿಸಿದೆವು. ಎರಡೂವರೆಗೇ ನಿಲ್ಲಿಸಿದ್ದು ಇದೇ ಕಾರಣಕ್ಕೆ. ಗೆಳೆಯ ಆಗಾಗ "ಇನ್ನೊಂದು ಇಂಚು ಏರಿಸು" ಎನ್ನುತ್ತಿರುತ್ತಾನೆ. ನಾನು ಆ ದುಡ್ಡನ್ನು ಒಳ್ಳೆಯ ಟೈರ್‌ಗೆ, ಬಾಗಿಲುಗಳ ಕೆಳಗೆ ಚಾಸಿಸ್‌ಗೆ ಬೋಲ್ಟ್ ಮಾಡುವ ಉಕ್ಕಿನ ಕೊಳವೆ ರಾಕ್ ಸ್ಲೈಡರ್‌ಗೆ, ಗಾಡಿಯ ಹೊಟ್ಟೆ ಕಾಯುವ ಸ್ಕಿಡ್ ಪ್ಲೇಟ್‌ಗೆ ಮತ್ತು ಗಾಳಿ ತುಂಬುವ ಕಂಪ್ರೆಸರ್‌ಗೆ ಹಾಕಿದೆ.

ಸಾಮಾನು ಜೋಡಿಸುವುದರಲ್ಲಿ ಒಂದೇ ನಿಯಮ. ಭಾರದ್ದು ಕೆಳಗೆ, ಹಗುರದ್ದು ಮೇಲೆ. ಒಬ್ಬರಿಗೆ ದಿನಕ್ಕೆ 4 ಲೀಟರ್ ನೀರು ಬೇಕೇ ಬೇಕು. ಅಪಾಯಕ್ಕೆಂದು ಇನ್ನಷ್ಟು ಸೇರಿಸಿ ಒಂದೊಂದು ಗಾಡಿಗೆ 35 ಲೀಟರ್ ತುಂಬಿ, ಕ್ಯಾನ್‌ಗಳನ್ನು ಹಿಂದಿನ ಸೀಟಿಗೆ ಒತ್ತಿ ನೆಲದ ಮೇಲೆ ಬಿಗಿದು ಕಟ್ಟಿದೆವು. ಛಾವಣಿಯ ಮೇಲೆ ಮರಳಿಗೆ ಹಾಸುವ ಪ್ಲಾಸ್ಟಿಕ್ ಹಲಗೆ ಮತ್ತು ಮಲಗುವ ಚೀಲಗಳು ಮಾತ್ರ. ಸಿಕ್ಕಿಬಿದ್ದ ಗಾಡಿ ಎಳೆಯಲು ಹಿಗ್ಗುವ ಹಗ್ಗ, ಅದನ್ನು ಗಾಡಿಗೆ ಸಿಕ್ಕಿಸುವ ಸಾಫ್ಟ್ ಶ್ಯಾಕಲ್ ಎಂಬ ಕೊಂಡಿಗಳು ಇದ್ದವು. ಹಗ್ಗವನ್ನು ಎಂದಿಗೂ ಟ್ರೇಲರ್ ಎಳೆಯುವ ಟೋ ಬಾಲ್‌ಗೆ ಸಿಕ್ಕಿಸಬೇಡಿ. ಜಗ್ಗಿದಾಗ ಅದು ಮುರಿದು ಗುಂಡಿನ ಹಾಗೆ ಹಾರುತ್ತದೆ. ಜನ ಸತ್ತಿದ್ದಾರೆ.

ಗುರುವಾರ

ಬೆಳಗಿನ ಜಾವ ಡೆನ್ವರ್ ಬಿಟ್ಟು ಐ-70 ಹಿಡಿದೆವು. ಐಸೆನ್‌ಹೋವರ್ ಸುರಂಗ 11,000 ಅಡಿಗಿಂತ ಎತ್ತರದಲ್ಲಿದೆ. ಅಲ್ಲಿಗೆ ಏರುವಾಗ ದೊಡ್ಡ ಟೈರ್‌ಗಳ ಭಾರ ಗೊತ್ತಾಗುತ್ತದೆ. ಗೇರ್ ಪದೇ ಪದೇ ಕೆಳಗಿಳಿಯುತ್ತದೆ, ಪೆಟ್ರೋಲ್ ಮುಳ್ಳೂ ಇಳಿಯುತ್ತದೆ. ಟೈರ್ ದೊಡ್ಡದಾದ್ದರಿಂದ ಸ್ಪೀಡೋಮೀಟರ್ ಕೂಡ ಸುಮಾರು ಮೂರೂವರೆ ಶೇಕಡಾ ಕಡಿಮೆ ತೋರಿಸುತ್ತದೆ. ಮುಳ್ಳು 75ರಲ್ಲಿದ್ದರೆ ಗಾಡಿ 77 ದಾಟಿರುತ್ತದೆ.

ಗ್ಲೆನ್‌ವುಡ್ ಕಣಿವೆ, ಗ್ರ್ಯಾಂಡ್ ಜಂಕ್ಷನ್ ದಾಟಿ ಯೂಟಾ ಸೇರಿದ ಮೇಲೆ ಹೈವೇ ಬಿಟ್ಟು 128ನೇ ರಸ್ತೆಗೆ ತಿರುಗಿದೆವು. ಈ ರಸ್ತೆ ಕೊಲೊರಾಡೊ ನದಿಯ ಪಕ್ಕದಲ್ಲೇ ಮೋಆಬ್ ಊರಿನ ತನಕ ಹೋಗುತ್ತದೆ. ಫಿಶರ್ ಟವರ್ಸ್ ಎಂಬ ಕಡುಗೆಂಪು ಕಂಬಗಳು ಎಡಕ್ಕೆ ಕಂಡವು. ನನ್ನ ಊರು ಬಾದಾಮಿ ಹತ್ತಿರ. ಕೆಂಪು ಮರಳುಗಲ್ಲು ನೋಡುತ್ತಲೇ ಬೆಳೆದ ಕಣ್ಣಿಗೆ ಈ ದಾರಿ ಎಷ್ಟು ಸಲ ನೋಡಿದರೂ ಸಾಕಾಗುವುದಿಲ್ಲ. ಮೋಆಬ್‌ನಲ್ಲಿ ಟ್ಯಾಂಕ್ ತುಂಬಿಸಿ ಮೋಟೆಲ್‌ನಲ್ಲಿ ಮಲಗಿದೆವು.

ಶುಕ್ರವಾರ

ಉದ್ಯಾನದ ವಿಸಿಟರ್ ಸೆಂಟರ್‌ಗೆ ಹೋಗಿ ದಾರಿಯ ಸ್ಥಿತಿ ಕೇಳಿದೆವು. ಮಳೆ ಬಂದರೆ ಇಲ್ಲಿನ ಜೇಡಿಮಣ್ಣು ಎಣ್ಣೆ ಹಚ್ಚಿದ ಹಾಗೆ ಜಾರುತ್ತದೆ. ಗ್ರೀನ್ ನದಿ ಉಕ್ಕಿದರೆ ಪಶ್ಚಿಮದ ತಗ್ಗು ಭಾಗ ಮುಚ್ಚಿಹೋಗುತ್ತದೆ. ದಾರಿ ಪೂರ್ತಿ ಒಣಗಿದೆ, ಮೂರು ದಿನ ಮಳೆ ಇಲ್ಲ ಎಂದು ರೇಂಜರ್ ಹೇಳಿದರು.

ಡಾಂಬರು ಮುಗಿದ ಕೂಡಲೇ ಗಾಡಿ ನಿಲ್ಲಿಸಿ ಗಾಳಿ ಬಿಟ್ಟೆವು. ಟೈರ್‌ನ ಗಾಳಿಯ ಒತ್ತಡ ಹೈವೇಯಲ್ಲಿ 36 ಪಿಎಸ್‌ಐ ಇದ್ದದ್ದನ್ನು 20ಕ್ಕೆ ಇಳಿಸಿದೆವು. ಇಡೀ ಪ್ರವಾಸದಲ್ಲಿ ಮಾಡಿದ ಅತಿ ಮುಖ್ಯ ಕೆಲಸ ಇದೇ ಎಂದರೆ ನಂಬಬೇಕು. ಗಾಳಿ ಕಡಿಮೆಯಾದಾಗ ಟೈರ್ ನೆಲದ ಮೇಲೆ ಉದ್ದಕ್ಕೆ ಹರಡಿ ಕೂರುತ್ತದೆ. ಚೂಪು ಕಲ್ಲು ಬಂದರೆ ರಬ್ಬರ್ ಅದನ್ನು ಸುತ್ತಿಕೊಂಡು ಹಿಡಿಯುತ್ತದೆ. ಬಿಗಿ ಟೈರ್ ಆದರೆ ಅದೇ ಕಲ್ಲಿನ ಮೇಲೆ ಪುಟಿಯುತ್ತದೆ, ತೂತಾಗುವ ಸಂಭವವೂ ಹೆಚ್ಚು. ಗಾಳಿ ಬಿಟ್ಟ ಟೈರ್ ಮರಳಿನಲ್ಲಿ ಹೂತುಹೋಗುವುದೂ ಕಡಿಮೆ. ಬೆನ್ನಿಗೂ ಆರಾಮ. ಲಿಫ್ಟ್‌ಗೆ ಸಾವಿರಾರು ಡಾಲರ್ ಬೇಕು, ಗಾಳಿ ಬಿಡಲು ದುಡ್ಡೇ ಬೇಡ. ಆದರೆ ಇಷ್ಟು ಕಡಿಮೆ ಗಾಳಿಯಲ್ಲಿ ಜೋರಾಗಿ ಓಡಿಸಬಾರದು. ಟೈರ್‌ನ ಪಕ್ಕದ ಗೋಡೆ ಬಿಸಿಯಾಗುತ್ತದೆ.

ಶೇಫರ್ ಟ್ರೇಲ್ ಮೇಲಿನ ಬಯಲಿನಿಂದ ಬಂಡೆಗೋಡೆಯಲ್ಲೇ ಹೇರ್‌ಪಿನ್ ತಿರುವುಗಳಾಗಿ ಇಳಿಯುತ್ತದೆ. ಮೊದಲು ಇದು ಇಲ್ಲಿನ ಮೂಲನಿವಾಸಿಗಳ ಕಾಲುದಾರಿ. ಆಮೇಲೆ ದನಗಾಹಿಗಳು ಹಿಂಡು ಇಳಿಸುತ್ತಿದ್ದರು. 1950ರ ದಶಕದಲ್ಲಿ ಯುರೇನಿಯಂ ಹುಡುಕಾಟ ಶುರುವಾದಾಗ ಲಾರಿ ಓಡುವಷ್ಟು ಅಗಲ ಮಾಡಿದರು. ವೈಟ್ ರಿಮ್ ದಾರಿಯೂ ಅದೇ ಕಾಲದ್ದು, ಅಣುಶಕ್ತಿ ಆಯೋಗ ಗಣಿಯ ಆಸೆಗೆ ಮಾಡಿಸಿದ್ದು. ಇಲ್ಲಿ ಹೇಳಿಕೊಳ್ಳುವಷ್ಟು ಯುರೇನಿಯಂ ಸಿಗಲಿಲ್ಲ. 1964ರಲ್ಲಿ ಈ ನೆಲ ರಾಷ್ಟ್ರೀಯ ಉದ್ಯಾನವಾಯಿತು, ದಾರಿ ಉಳಿಯಿತು. ಅದಿರು ಸಿಕ್ಕಿದ್ದರೆ ಇವತ್ತು ಇಲ್ಲಿ ಏನು ಉಳಿದಿರುತ್ತಿತ್ತೋ, ಯೋಚಿಸಿದರೆ ಎದೆ ಝಲ್ಲೆನ್ನುತ್ತದೆ.

ಇಳಿಯುವಾಗ ಫೋರ್-ಲೋ, ಅಂದರೆ ನಾಲ್ಕೂ ಚಕ್ರ ನಿಧಾನಕ್ಕೆ ಬಲವಾಗಿ ತಿರುಗುವ ಕೆಳಗಿನ ಗೇರ್ ಹಾಕಿ, ಮೊದಲ ಗೇರಿನಲ್ಲಿ ಬಿಟ್ಟರೆ ಎಂಜಿನ್ನೇ ಗಾಡಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಬ್ರೇಕ್ ಅಪರೂಪಕ್ಕೆ ಒತ್ತಿದರೆ ಸಾಕು. ಬರೀ ಬ್ರೇಕ್ ನಂಬಿ ಇಳಿದರೆ ಕಾಲು ಭಾಗ ಇಳಿಯುವಷ್ಟರಲ್ಲೇ ಸುಟ್ಟ ವಾಸನೆ ಬರುತ್ತದೆ. ಎದುರಿಗೆ ಏರಿ ಬರುವವರಿಗೆ ನಾವೇ ಜಾಗ ಬಿಡಬೇಕು, ಇದು ಬೆಟ್ಟದ ದಾರಿಗಳ ರೂಢಿ. ರೇಡಿಯೊದಲ್ಲಿ ನಮ್ಮ ಮಾತೆಲ್ಲಾ ಕನ್ನಡದಲ್ಲೇ. ಇಂಥ ರೇಡಿಯೊಗಳ ಜಿಎಂಆರ್‌ಎಸ್ ಎಂಬ ಪರವಾನಗಿಯ ನಿಯಮದಂತೆ ನಮ್ಮ ಗುರುತಿನ ಸಂಕೇತವಾದ ಕಾಲ್‌ಸೈನ್ ಮಾತ್ರ ಇಂಗ್ಲಿಷ್‌ನಲ್ಲಿ ಹೇಳಬೇಕು. "ಮುಂದಿನ ತಿರುವಿನಲ್ಲಿ ಬಿಳಿ ಪಿಕಪ್ ಬರ್ತಿದೆ, ಒಳಗಡೆ ನಿಲ್ಲಿಸು" ಎಂದು ಗೆಳೆಯ ಮೇಲಿನಿಂದಲೇ ನೋಡಿ ಹೇಳುತ್ತಿದ್ದ.

ಕೆಳಗಿಳಿದ ಮೇಲೆ ವೈಟ್ ರಿಮ್ ಶುರು. ದಾರಿಯ ಅಂಚಿನಲ್ಲಿ ಬೆಳ್ಳಗೆ ಕಾಣುವ ಮರಳುಗಲ್ಲಿನ ಪದರಕ್ಕೇ ಈ ಹೆಸರು. ಕೋಟ್ಯಂತರ ವರ್ಷ ಹಿಂದೆ, ಪರ್ಮಿಯನ್ ಯುಗದಲ್ಲಿ ಕಡಲ ತೀರದ ಮರಳುದಿಬ್ಬಗಳಾಗಿದ್ದದ್ದು ಗಟ್ಟಿಯಾಗಿ ಕಲ್ಲಾಗಿದೆ. ಅದರ ಕೆಳಗಿನದು ಮೆತ್ತನೆಯ ಕೆಂಪು ಕಲ್ಲು. ಮಳೆಗೆ ಕೆಳಗಿನದು ಬೇಗ ಸವೆಯುತ್ತದೆ, ಮೇಲಿನ ಬಿಳಿ ಚಪ್ಪಡಿ ಚಾಚಿಕೊಂಡು ನಿಲ್ಲುತ್ತದೆ. ಒಂದು ದಿನ ಅದೂ ಮುರಿದು ಬೀಳುತ್ತದೆ. ಅಂಚಿನ ಹತ್ತಿರ ಗಾಡಿ ನಿಲ್ಲಿಸಬಾರದು ಎನ್ನುವುದಕ್ಕೆ ಇದೇ ಕಾರಣ. ಮಸಲ್‌ಮನ್ ಆರ್ಚ್ ಎಂಬಲ್ಲಿ ಬಿಳಿ ಕಲ್ಲು ಆಳದ ಮೇಲೆ ಚಪ್ಪಟೆ ಸೇತುವೆಯಾಗಿ ನಿಂತಿದೆ. ಹಿಂದೆ ಜನ ಅದರ ಮೇಲೆ ನಡೆಯುತ್ತಿದ್ದರು, ಈಗ ನಿಷೇಧ. ಒಳ್ಳೆಯದೇ ಆಯಿತು.

ದಾರಿಯ ಪಕ್ಕದ ಮಣ್ಣಿನ ಮೇಲೆ ಕಪ್ಪು ಹೊಪ್ಪಳೆ ಹಾಗೆ ಒಂದು ಪದರ ಕಾಣುತ್ತದೆ. ಅದು ಜೀವಂತ. ಸಯನೊಬ್ಯಾಕ್ಟೀರಿಯಾಗಳು ಎಳೆಗಳಿಂದ ಮರಳಿನ ಕಣಗಳನ್ನು ಹೆಣೆದು ಹಿಡಿದಿರುತ್ತವೆ. ಅದಿಲ್ಲದಿದ್ದರೆ ಗಾಳಿಗೆ ಮಣ್ಣೆಲ್ಲಾ ಹಾರಿಹೋಗುತ್ತದೆ, ಬೀಜ ಊರುವುದಿಲ್ಲ. ಒಂದು ಹೆಜ್ಜೆ ಇಟ್ಟರೆ ಪುಡಿಯಾಗುತ್ತದೆ, ಸರಿಹೋಗಲು ದಶಕಗಳೇ ಬೇಕು. ಒಂದು ತಿರುವಿನಲ್ಲಿ ಯಾರೋ ದಾರಿ ಬಿಟ್ಟು ಅದರ ಮೇಲೆ ಹತ್ತಿಸಿ ಹೋದ ಟೈರ್ ಗುರುತು ನೋಡಿ ಸಿಟ್ಟು ಬಂತು. ಆಫ್‌ರೋಡ್ ಎಂಬ ಹೆಸರಿದ್ದರೂ ದಾರಿ ಬಿಡಬಾರದು. ಇಷ್ಟು ಸಾಮರ್ಥ್ಯದ ಗಾಡಿ ಕಟ್ಟುವವರು ಇಷ್ಟನ್ನಾದರೂ ಪಾಲಿಸಬೇಕು, ಅಲ್ವಾ?

ಏರ್‌ಪೋರ್ಟ್ ಟವರ್ ಎಂಬ ಬಂಡೆಗೋಪುರದ ಬುಡ ಸುತ್ತಿ, ಬಕ್ ಕಣಿವೆ ದಾಟಿ, ಸಂಜೆ ಹೊತ್ತಿಗೆ ಗೂಸ್‌ಬೆರಿ ಎಂಬ ತಂಗುದಾಣ ತಲುಪಿದೆವು. ಸೌದೆ ಬೆಂಕಿ ಇಲ್ಲಿ ಹಾಕುವಂತಿಲ್ಲ. ಗ್ಯಾಸ್ ಒಲೆಯಲ್ಲಿ ಅವಲಕ್ಕಿ ಒಗ್ಗರಣೆ ಹಾಕಿ ಚಟ್ನಿಪುಡಿ ಜೊತೆ ತಿಂದೆವು. ಕ್ಯಾನ್ಯನ್‌ಲ್ಯಾಂಡ್ಸ್‌ಗೆ 2015ರಲ್ಲಿ ಅಂತರರಾಷ್ಟ್ರೀಯ ಡಾರ್ಕ್ ಸ್ಕೈ ಪಾರ್ಕ್ ಎಂಬ ಮನ್ನಣೆ ಸಿಕ್ಕಿದೆ. ಹೆಡ್‌ಲ್ಯಾಂಪ್ ಆರಿಸಿದ ಮೇಲೆ ಆಕಾಶಗಂಗೆ ದಿಗಂತದಿಂದ ದಿಗಂತಕ್ಕೆ ಕಂಡಿತು. ಚಳಿ ಜಾಸ್ತಿಯಾಗುವವರೆಗೂ ಕೂತೇ ಇದ್ದೆವು.

ಶನಿವಾರ

ಎದ್ದ ಕೂಡಲೇ ಗಾಡಿ ಸುತ್ತ ಒಂದು ಸುತ್ತು. ಚಕ್ರದ ನಟ್‌ಗಳು, ಶಾಕ್‌ಗಳಲ್ಲಿ ಎಣ್ಣೆ ಸೋರಿಕೆ, ಟೈರ್‌ನ ಪಕ್ಕದ ಗೋಡೆ, ಕೆಳಗೆ ನೇತಾಡುವ ವೈರ್. ಹತ್ತು ನಿಮಿಷದ ಕೆಲಸ. ಲಿಫ್ಟ್ ಹಾಕಿಸಿದ ಗಾಡಿಯಲ್ಲಿ ಕಂಪನಿ ಜೋಡಿಸದ ಬೋಲ್ಟ್‌ಗಳು ಬಹಳ ಇರುತ್ತವೆ. ಅಲುಗಾಟದ ದಾರಿಯಲ್ಲಿ ಅವನ್ನು ನೋಡುತ್ತಿರಬೇಕು.

ಮಾನ್ಯುಮೆಂಟ್ ಬೇಸಿನ್ ಈ ದಾರಿಯ ಅತಿ ಚೆಂದದ ಜಾಗ ಎಂದು ನನ್ನ ಲೆಕ್ಕ. ಬಿಳಿ ಅಂಚಿನಿಂದ ಬಗ್ಗಿ ನೋಡಿದರೆ ಕೆಳಗೆ ನೂರಾರು ಅಡಿ ಎತ್ತರದ ಕೆಂಪು ಕಂಬಗಳು ಗುಂಪಾಗಿ ನಿಂತಿವೆ. ಕೆಲವದರ ತಲೆ ಮೇಲೆ ಬಿಳಿ ಕಲ್ಲಿನ ತುಂಡು ಹಾಗೇ ಕೂತಿದೆ. ಆ ತುಂಡು ಇರುವ ತನಕ ಕೆಳಗಿನ ಮೆತ್ತನೆ ಕಂಬ ಉಳಿಯುತ್ತದೆ. ಅಲ್ಲಿಂದ ವೈಟ್ ಕ್ರ್ಯಾಕ್ ಎಂಬ ತುದಿಗೆ ಪಕ್ಕದ ದಾರಿಯಲ್ಲಿ ಹೋದೆವು. ದಕ್ಷಿಣಕ್ಕೆ ನೀಡಲ್ಸ್, ಪಶ್ಚಿಮಕ್ಕೆ ಮೇಜ್ ಎಂಬ ಉದ್ಯಾನದ ಇನ್ನೆರಡು ಭಾಗಗಳು, ಕಣ್ಣು ಹಾಯುವ ತನಕ ಕಣಿವೆಗಳೇ. ಚಿತ್ರಾನ್ನದ ಡಬ್ಬಿ ಅಲ್ಲೇ ಖಾಲಿಯಾಯಿತು.

ಮಧ್ಯಾಹ್ನ ಮರ್ಫಿ ಹಾಗ್‌ಬ್ಯಾಕ್. ಕಲ್ಲು ಮೆಟ್ಟಿಲುಗಳಿರುವ ಕಡಿದಾದ ಏರು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಬರೀ ಗಾಳಿ. ಒಂದೇ ಗಾಡಿಗೆ ಸಾಲುವ ಅಗಲ. ಹೋಗುವ ಮುಂಚೆ ಎಲ್ಲರೂ ಇಳಿದು ಮೇಲಿನ ತನಕ ನಡೆದು ನೋಡಿದೆವು. ಎದುರಿನಿಂದ ಯಾರೂ ಇಲ್ಲ ಎಂದು ಖಚಿತ ಮಾಡಿಕೊಂಡು ಒಬ್ಬರು ಮೇಲೆ ರೇಡಿಯೊ ಹಿಡಿದು ನಿಂತರು.

ಇಲ್ಲಿ ಆ 14 ಮಿಲಿಮೀಟರ್ ಲೆಕ್ಕ ಕೆಲಸಕ್ಕೆ ಬಂತು. ದೊಡ್ಡ ಕಲ್ಲು ಕಂಡರೆ ಅದನ್ನು ಎರಡು ಚಕ್ರಗಳ ನಡುವೆ ಬಿಟ್ಟುಕೊಂಡು ದಾಟಲು ಮನಸ್ಸು ಹೇಳುತ್ತದೆ. ಡಿಫರೆನ್ಷಿಯಲ್ ಬಡಿಯುವುದು ಆಗಲೇ. ಕಲ್ಲಿನ ಮೇಲೇ ಚಕ್ರ ಹತ್ತಿಸಬೇಕು. ಚಕ್ರ ಏರಿದರೆ ಆಕ್ಸಲ್ಲೂ ಅದರ ಜೊತೆ ಏರುತ್ತದೆ. ನನ್ನ ಸಂಗಾತಿ ಮುಂದೆ ನಿಂತು ದಾರಿ ತೋರಿಸಿದಳು. ನಾವು ಎಡ, ಬಲ ಎನ್ನುವುದಿಲ್ಲ. ಎದುರು ಬದುರು ನಿಂತಾಗ ಅದು ಗೊಂದಲ. "ಡ್ರೈವರ್ ಕಡೆ ಸ್ವಲ್ಪ, ಇನ್ನೂ ಸ್ವಲ್ಪ, ಸಾಕು, ಬಾ ಬಾ" ಎನ್ನುತ್ತೇವೆ. ಒಬ್ಬರೇ ಹೇಳಬೇಕು, ಡ್ರೈವರ್ ಅವರ ಮಾತು ಮಾತ್ರ ಕೇಳಬೇಕು.

ಎರಡನೇ ಮೆಟ್ಟಿಲಿನಲ್ಲಿ ಹಿಂದಿನ ಒಂದು ಚಕ್ರ ಗಾಳಿಯಲ್ಲಿ ತಿರುಗಿತು. ಮಾಮೂಲಿ ಡಿಫರೆನ್ಷಿಯಲ್ ಸುಲಭ ಕಂಡ ಚಕ್ರಕ್ಕೇ ಓಟ ಕೊಡುತ್ತದೆ, ನೆಲದಲ್ಲಿರುವ ಚಕ್ರ ಸುಮ್ನೆ ನಿಲ್ಲುತ್ತದೆ. ನಿಲ್ಲಿಸಿ, ಹಿಂದಿನ ಎರಡೂ ಚಕ್ರಗಳನ್ನು ಒಂದಾಗಿ ಬಿಗಿಯುವ ಲಾಕರ್ ಹಾಕಿ, ಆಕ್ಸಿಲರೇಟರ್ ಮೇಲೆ ಕಾಲು ಇಟ್ಟೂ ಇಡದ ಹಾಗೆ ಇಟ್ಟೆ. ಎರಡೂ ಚಕ್ರ ಒಟ್ಟಿಗೆ ತಿರುಗಿ ಗಾಡಿ ನಿಧಾನಕ್ಕೆ ಹತ್ತಿತು. ಗೆಳೆಯನ ರುಬಿಕಾನ್‌ಗೆ ಇದು ಲೆಕ್ಕಕ್ಕೇ ಇಲ್ಲ. ಅದರ ಫೋರ್-ಲೋ ಗೇರಿನ ಅನುಪಾತ 4:1, ಅಂದರೆ ಚಕ್ರಗಳು ತುಂಬಾ ನಿಧಾನಕ್ಕೆ, ಬಲವಾಗಿ ತಿರುಗುತ್ತವೆ; ಮುಂದೆ ಹಿಂದೆ ಎರಡೂ ಕಡೆ ಲಾಕರ್. ಎಡ ಬಲ ಚಕ್ರಗಳನ್ನು ಜೋಡಿಸುವ ಮುಂದಿನ ಸ್ವೇ ಬಾರ್ ಬಟನ್ ಒತ್ತಿದರೆ ಬಿಟ್ಟುಕೊಳ್ಳುತ್ತದೆ, ಚಕ್ರಗಳು ನೆಲ ಬಿಡುವುದೇ ಅಪರೂಪ. ಈ ಏರಿನಲ್ಲಿ ಅವನ ಗಾಡಿ ನೋಡುವುದೇ ಒಂದು ಖುಷಿ.

ಇಳಿದ ಮೇಲೆ ಕ್ಯಾಂಡಲ್‌ಸ್ಟಿಕ್ ಟವರ್ ಎಂಬ ಬಂಡೆಗೋಪುರ ಬಲಕ್ಕೆ. ಈಗ ಪಕ್ಕದಲ್ಲಿರುವುದು ಗ್ರೀನ್ ನದಿ. ಮರಳು ಹೆಚ್ಚಾಯಿತು. ಒಂದೇ ವೇಗದಲ್ಲಿ, ಸ್ಟೀರಿಂಗ್ ಜೋರಾಗಿ ತಿರುಗಿಸದೆ ಹೋದೆವು. ಹಲಗೆ ಇಳಿಸುವ ಪ್ರಸಂಗ ಬರಲಿಲ್ಲ. ಪೊಟೇಟೊ ಬಾಟಮ್‌ನಲ್ಲಿ ಕಾಟನ್‌ವುಡ್ ಮರಗಳ ಕೆಳಗೆ ಟೆಂಟ್ ಹಾಕಿದೆವು. ಎಲೆಗಳು ಹಳದಿಗೆ ತಿರುಗುತ್ತಿದ್ದವು. ಬಿಸಿಬೇಳೆ ಬಾತ್ ಬಿಸಿ ಮಾಡಿಕೊಂಡು ಉಂಡು ಬೇಗ ಮಲಗಿದೆವು.

ಭಾನುವಾರ

ಬೆಳಗ್ಗೆ ಫೋರ್ಟ್ ಬಾಟಮ್‌ಗೆ ನಡೆದು ಹೋದೆವು. ನದಿಯ ತಿರುವಿನ ನಡುವಿನ ದಿಬ್ಬದ ಮೇಲೆ ಪುವೆಬ್ಲೊ ಮೂಲನಿವಾಸಿಗಳ ಪೂರ್ವಜರು ಕಲ್ಲು ಜೋಡಿಸಿ ಕಟ್ಟಿದ ಗೋಪುರ ಇದೆ. ಅದನ್ನು ಕಟ್ಟಿದವರ ವಂಶದವರು ಇವತ್ತಿಗೂ ಇದ್ದಾರೆ. ಗೋಡೆ ಮುಟ್ಟದೆ, ಒರಗದೆ, ದೂರದಿಂದಲೇ ನೋಡಿ ಬಂದೆವು.

ಆಮೇಲೆ ಹಾರ್ಡ್‌ಸ್ಕ್ರ್ಯಾಬಲ್ ಬೆಟ್ಟ. ಮರ್ಫಿಗಿಂತ ಇದು ತಿರುವು ಜಾಸ್ತಿ ಇರುವ ಏರು, ಮುಂದೇನಿದೆ ಎಂದು ಕಾಣುವುದಿಲ್ಲ. ಒಬ್ಬರನ್ನು ಮುಂದೆ ನಡೆಸಿ, ಅವರು ಸರಿ ಎಂದ ಮೇಲೆ ಒಂದೊಂದೇ ಗಾಡಿ ಹೊರಟೆವು. ಒಂದು ಬಿಗಿ ತಿರುವಿನಲ್ಲಿ ಒಳಗಿನ ಬಂಡೆ ನಮ್ಮ ಸ್ಲೈಡರ್ ಉಜ್ಜಿತು. ಬಾಗಿಲಿಗೆ ಏನೂ ಆಗಲಿಲ್ಲ. ಆ ಉಕ್ಕಿನ ಕೊಳವೆ ಇರುವುದೇ ಅದಕ್ಕೆ.

ಮುಂದೆ ಅಪ್‌ಹೀವಲ್ ಬಾಟಮ್. ಇಲ್ಲಿಂದ ಒಳಗೆ ನಡೆದರೆ ಅಪ್‌ಹೀವಲ್ ಡೋಮ್ ಎಂಬ ದೊಡ್ಡ ದುಂಡನೆಯ ಕುಳಿ ಸಿಗುತ್ತದೆ. ಉಪ್ಪಿನ ಗುಡ್ಡ ಮೇಲೆದ್ದು ಆದದ್ದು ಎಂದು ಬಹಳ ಕಾಲ ವಾದವಿತ್ತು. ಭಾರಿ ಹೊಡೆತದಿಂದ ಮಾತ್ರ ಆಗುವ ಬಗೆಯ ಕ್ವಾರ್ಟ್ಸ್ ಕಣಗಳು ಅಲ್ಲಿ ಸಿಕ್ಕ ಮೇಲೆ ಉಲ್ಕೆ ಬಡಿದು ಆದದ್ದು ಎಂಬ ವಾದ ಗಟ್ಟಿಯಾಯಿತು. ನಮಗೆ ಅಷ್ಟು ಹೊತ್ತಿರಲಿಲ್ಲ, ಡೆನ್ವರ್ ದೂರ ಇತ್ತು.

ಮಿನರಲ್ ಬಾಟಮ್‌ನ ತಿರುವುಗಳನ್ನು ಹತ್ತಿದರೆ ವೈಟ್ ರಿಮ್ ಮುಗಿಯಿತು. 2010ರ ಆಗಸ್ಟ್‌ನಲ್ಲಿ ಒಮ್ಮೆಲೇ ಬಂದ ಪ್ರವಾಹಕ್ಕೆ ಈ ಏರು ಕೊಚ್ಚಿಹೋಗಿತ್ತು, ಮುಂದಿನ ವರ್ಷ ಮತ್ತೆ ಕಟ್ಟಿದರು. ಮೇಲೆ ಬಂದು 13 ಮೈಲಿ ಜಲ್ಲಿ ರಸ್ತೆ ಮುಗಿಸಿ, 313ನೇ ರಸ್ತೆಯ ಪಕ್ಕ ನಿಲ್ಲಿಸಿ ಕಂಪ್ರೆಸರ್ ಹಚ್ಚಿದೆವು. 20ರಿಂದ 36ಕ್ಕೆ ನಾಲ್ಕು ಟೈರ್, ಎರಡು ಗಾಡಿ. ಅಷ್ಟು ಹೊತ್ತು ಚಾಪೆ ಹಾಸಿ ಗಾಡಿ ಕೆಳಗೆ ಮಲಗಿ ಬೋಲ್ಟ್ ನೋಡಿದೆ. ಮೇಲಿನ ಕಂಟ್ರೋಲ್ ಆರ್ಮ್‌ನ ಒಂದು ನಟ್ ಕಾಲು ಸುತ್ತು ಬಿಗಿಯಿತು, ಬೇರೆಲ್ಲಾ ಸರಿ. ಸಿವಿ ಆಕ್ಸಲ್‌ನ ರಬ್ಬರ್ ಹೊದಿಕೆ ಹರಿದಿರಲಿಲ್ಲ. ಗೆಳೆಯನ ಒಂದು ಟೈರ್‌ನ ಅಂಚಿನಲ್ಲಿ ಕಲ್ಲು ಕೊರೆದ ಗೀರು ಇತ್ತು, ದಾರದ ಪದರ ಕಾಣುವಷ್ಟು ಆಳ ಇರಲಿಲ್ಲ. ಆದರೂ ಊರಿಗೆ ಹೋದ ಮೇಲೆ ಅದನ್ನು ತೋರಿಸಬೇಕು ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿದ. ಟೈರ್‌ಗೆ ಗಾಳಿ ತುಂಬುತ್ತಲೇ ನಮ್ಮ ಸ್ಲೈಡರ್ ಮೇಲಿನ ಗೀರು ನೋಡಿ, "ಇನ್ನೊಂದು ಇಂಚು ಇದ್ದಿದ್ದರೆ ತಾಗುತ್ತಿರಲಿಲ್ಲ" ಎಂದ. ಬಂಡೆ ತಾಗಿದ್ದು ಪಕ್ಕದಿಂದ, ಕೆಳಗಿನಿಂದ ಅಲ್ಲ ಎಂದೆ. ಮೋಆಬ್‌ನಲ್ಲಿ ಊಟ ಮುಗಿಯುವ ತನಕ ಅದೇ ವಾದ ನಡೆಯಿತು. ಆಮೇಲೆ ಟ್ಯಾಂಕ್ ತುಂಬಿಸಿಕೊಂಡು ಐ-70 ಹತ್ತಿದೆವು.